ಎಡಕ್ಕೆ ತಿರುಗಿದ ಗಂಟು

ಬೂದಿ, ಮತ್ತೆ ಬೂದಿ, ಕುಂಚದ ತುದಿಯಲ್ಲಿ ಹಿಟ್ಟಿನ ಹಾಗೆ ಬಂದು ಕೂತಿದೆ, ಸಬಂಕಾಯಾ ಬೆಂಕಿಬೆಟ್ಟ ಬೆಳಗಿನಿಂದಲೂ ಚುಟ್ಟಾ ಸೇದುವ ಮುದುಕನ ಹಾಗೆ ಒಂದು ದಮ್ಮು ಎಳೆದು, ಸ್ವಲ್ಪ ಯೋಚಿಸಿ, ಬಿಡುತ್ತಿದೆ — ನಸಾರಿಯಾ ಊದಿದಳು, ಊದಬಾರದು, ಬಾಯಿಯ ತೇವ ಹಳೆಯ ಎಲುಬಿಗೆ ಆಗುವುದಿಲ್ಲ ಎಂದು ಅಗೆಯುವ ಕೆಲಸದವರಿಗೆಲ್ಲ ಪಾಠ ಹೇಳುವವಳು ತಾನೇ, ಆದರೂ ಊದಿದಳು, ಕಣ್ಣಿಗೆ ಕಸ ಬಿದ್ದ ಮಗುವಿನೆದುರು ತುಟಿ ತಾನಾಗಿ ಮುಂದಕ್ಕೆ ಬರುವ ಹಾಗೆ ಬಂತು, ಎಷ್ಟು ಸಣ್ಣ ತಲೆಬುರುಡೆ ಇದು, ಎರಡು ಅಂಗೈ ಕೂಡಿಸಿದರೆ ಒಳಗೆ ಕೂತುಬಿಡುತ್ತದೆ, ಹಾಲುಹಲ್ಲು ಇನ್ನೂ ಹಾಗೇ ಇವೆ, ಮೂರು ವರ್ಷ, ಇಲ್ಲ, ನಾಲ್ಕು ತುಂಬುತ್ತಿತ್ತೇನೋ, ನಾಲ್ಕು, ಬೇಡ, ಅದು ಈಗ ಬೇಡ. ಬಂಡೆಯ ಚಾಚಿನ ಕೆಳಗೆ ಮಂಡಿಯೂರಿ ಕೂತು ಸೊಂಟ ಮರಗಟ್ಟಿದೆ. ಕಲ್ಲು ಮಣ್ಣು ಸೇರಿಸಿ ಕಟ್ಟಿದ ಈ ಗೋರಿಮನೆಗೆ ಬಾಗಿಲು ಎಂದರೆ ಒಂದು ನಾಯಿ ನುಗ್ಗುವಷ್ಟು ಕಿಂಡಿ, ಇಂಕಾ ಅರಸರು ಕೋಲ್ಕಾ ಕಣಿವೆಯ ಹೆಸರು ಕೇಳುವುದಕ್ಕೂ ಎಷ್ಟೋ ತಲೆಮಾರು ಮೊದಲು ಯಾರೋ ತಮ್ಮವರನ್ನು ತಂದು ಇಲ್ಲಿ ಕೂರಿಸಿ ಹೋಗಿದ್ದಾರೆ, ಮೊಣಕಾಲು ಎದೆಗೆ ಸೇರಿಸಿ, ಚಳಿಗೆ ಮುದುರಿದವರ ಹಾಗೆ. ಹೊರಗೆ ಜರಡಿ ಅಲ್ಲಾಡುವ ಸದ್ದು ನಿಂತಿತು, ನಿಂತರೆ ಪ್ಲಾಸಿದಾ ಬಾಯಿ ತೆರೆಯುತ್ತಾಳೆ ಎಂದೇ ಅರ್ಥ, ತೆರೆದಳು, ಏನ್ರೀ ಕೊಮಾದ್ರೆ, ನಮ್ಮದೋ ಅವರದೋ? ಈ ಗುಡ್ಡದ ಆಟ ಅದು, ಬುರುಡೆಯೊಂದು ಮಣ್ಣಿನಿಂದ ಮೇಲೆದ್ದರೆ ಸಾಕು, ಮಣ್ಣು ಹೊರುವವರೂ ಜರಡಿ ಹಿಡಿದವರೂ ಕೂಗುತ್ತಾರೆ, ನಮ್ಮದೋ ಅವರದೋ, ಸೋತವರು ಸಂಜೆ ಜೋಳದ ಹೆಂಡ ಚಿಚಾ ಕುಡಿಸಬೇಕು. ನಮ್ಮದು ಎಂದರೆ ಕೊಲ್ಯಾಗುವಾ, ಹಸುಗೂಸಿನ ತಲೆಗೆ ಪಟ್ಟಿ ಸುತ್ತಿ ಸುತ್ತಿ ಬೆಂಕಿಬೆಟ್ಟದ ಹಾಗೆ ಮೇಲಕ್ಕೆ ಎಳೆದವರು, ಅವರದು ಎಂದರೆ ಕಬಾನಾ, ಕಣಿವೆಯ ಕೆಳಗಿನ ಮುಸುಕಿನ ಜೋಳದ ನಾಡಿನವರು, ಅವರ ಬೆಟ್ಟ ಅಗಲ, ಹಾಗಾಗಿ ತಲೆಯನ್ನೂ ಒತ್ತಿ ಅಗಲ ಮಾಡಿದರು. ಉದ್ದತಲೆ, ಚಪ್ಪಟೆತಲೆ. ಈಗ ಯಾರೂ ಮಕ್ಕಳ ತಲೆ ಕಟ್ಟುವುದಿಲ್ಲ, ಟೋಪಿ ಹಾಕುತ್ತಾರೆ, ಅಷ್ಟೆ, ಮೇಲಿನ ಊರುಗಳ ಹೆಂಗಸರಿಗೆ ಎತ್ತರದ ಬಿಳಿ ಹುಲ್ಲಿನ ಟೋಪಿ, ಕೆಳಗಿನವರಿಗೆ ದುಂಡಗಿನ ಅಗಲ ಕಸೂತಿ ಟೋಪಿ. ಬೈಗುಳ ಮಾತ್ರ ಹಳೆಯದೇ ಉಳಿದಿದೆ. ಹೇಳ್ರೀ, ನಮ್ಮದೋ ಅವರದೋ, ನನಗೆ ಗಂಟಲು ಒಣಗ್ತಿದೆ, ಎಂದಳು ಪ್ಲಾಸಿದಾ. ಎರಡೂ ಅಲ್ಲ, ಎಂದಳು ನಸಾರಿಯಾ. ಎರಡೂ ಅಲ್ಲ ಅಂದ್ರೆ ಏನು, ಆಕಾಶದಿಂದ ಬಿತ್ತಾ? ಎರಡೂ ಹೌದು, ಎಂದಳು, ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು, ಹಣೆಯ ಮೇಲೆ ಒಂದು ಗೆರೆ, ಪಟ್ಟಿ ಕೂತ ತಗ್ಗು, ಸುತ್ತ ಹರಿದು ಹಿಂದಕ್ಕೆ ಹೋಗಿದೆ, ಅದು ನಮ್ಮ ಕಟ್ಟು, ತಲೆ ಮೇಲಕ್ಕೆ ಏಳಲು ಶುರುಮಾಡಿದೆ, ಶುರುಮಾಡಿ ಅಲ್ಲೇ ನಿಂತಿದೆ, ಅದರ ಮೇಲೆ ಇನ್ನೊಂದು ಒತ್ತು, ಹಿಂದಿನಿಂದ ಮುಂದಿನಿಂದ ಹಲಗೆ ಇಟ್ಟು ಬಿಗಿದದ್ದು, ಎದ್ದದ್ದನ್ನು ತಗ್ಗಿಸಿ ಪಕ್ಕಕ್ಕೆ ಹರಡಿದ್ದು, ಅದು ಅವರ ಕಟ್ಟು — ಮೊದಲು ನಮ್ಮದು, ಆಮೇಲೆ ಅವರದು. ಒಂದೇ ತಲೆ. ಪಟ್ಟಿಗಳ ಚೂರೂ ಉಳಿದಿದೆ, ಕಂದು ಉಣ್ಣೆ, ಕಿವಿಯ ತೂತಿನ ಹತ್ತಿರ ಮಣ್ಣು ಮೆತ್ತಿದ ಸಣ್ಣ ಗಂಟು, ಎಡಕ್ಕೆ ತಿರುಗಿದ ಗಂಟು, ಸರಿ, ಇದಂತೂ ನಮ್ಮದೇ, ನಮ್ಮ ಯಾಂಕೆ ಊರಿನ ಹೆಂಗಸು ಇವತ್ತಿಗೂ ಚೀಲಕ್ಕೆ ಗಂಟು ಹಾಕಿದರೆ ಎಡಕ್ಕೇ ತಿರುಗಿಸುತ್ತಾಳೆ, ಮೊದಲ ಪಟ್ಟಿಯ ಗಂಟು ಅದು, ತಾಯಿ ಹಾಕಿದ್ದು, ಅಷ್ಟು ಗೊತ್ತಾಯಿತು, ಎರಡನೆಯದನ್ನು ಯಾರು ಕಟ್ಟಿದರು?

ಕೆಳಗೆ ರಸ್ತೆ ಖಾಲಿ. ನೋಡಬಾರದು ಎಂದುಕೊಂಡೇ ನೋಡಿದಳು, ಮಾಕಾದಿಂದ ಬರುವ ರಸ್ತೆ ಕುಸಿದ ಗುಡ್ಡದ ಹತ್ತಿರ ಒಮ್ಮೆ ಮುರಿದು ಬಿದ್ದ ಹಾವಿನ ಹಾಗೆ ಬಾಗಿ ಮತ್ತೆ ನೇರ ಆಗುತ್ತದೆ, ಚಿವಾಯ್ ಕಡೆಯಿಂದ ಮಧ್ಯಾಹ್ನದ ಬಸ್ಸು ಬರುತ್ತದೆ, ಕೆಳಗೆ ಅತ್ತೆಯ ಊರು ಕಬಾನಾಕೊಂಡೆಗೆ ಹೋಗುತ್ತದೆ, ಅದನ್ನು ಮಗಳು ಯುಲಿಸಾ ಹತ್ತುತ್ತಾಳೆ. ಹತ್ತುತ್ತಾಳೆ ಎಂದು ಅವಳೇ ಹೇಳಿದ್ದು, ಬೆಳಿಗ್ಗೆ, ಒಲೆಯ ಮುಂದೆ, ತಲೆ ಬಾಗಿಸಿ ಬಾರ್ಲಿ ಗಂಜಿ ಊದುತ್ತ, ತಲೆಯ ಮೇಲೆ ಕಸೂತಿ ಟೋಪಿ. ಎಲ್ಲಿತ್ತು ಅದು ಇಷ್ಟು ದಿನ? ಗುಲಾಬಿ ದಾರ, ಹಸಿರು ದಾರ, ಮೀನಿನ ಹಾಗೆ ಹಕ್ಕಿಯ ಹಾಗೆ ಏನೇನೋ, ಅತ್ತೆಯ ಕೈ, ಅತ್ತೆಯ ಕಣ್ಣಿಗೆ ಪೊರೆ ಬರುವುದಕ್ಕೆ ಮುಂಚಿನ ಕೈ. ಬಸ್ಸಿನ ಡ್ರೈವರ್ ಕೈಲಿ ಹೇಳಿಕಳಿಸಿದ್ದಳು ಮುದುಕಿ, ಜೋಳ ಬಲಿತಿದೆ, ನನಗೆ ತೆನೆ ಯಾವುದು ಗರಿ ಯಾವುದು ಕಾಣ್ತಿಲ್ಲ, ಹುಡುಗಿ ಬರಲಿ. ಹುಡುಗಿ ಬರಲಿ! ಬಂದು ಹೋಗಲಿ ಎಂದಲ್ಲ. ಕೊಯ್ಲಿಗೆ ಮಾತ್ರ ಅಂದ್ರೆ ಹೋಗಿ ಬಾ, ಎಂದಿದ್ದಳು ನಸಾರಿಯಾ ನಿನ್ನೆ, ಆಗ ಯುಲಿಸಾ ಮುಖ ಎತ್ತಿ, ಇಲ್ಲ ಅಮ್ಮಾ, ಇರೋಕೆ ಹೋಗ್ತೀನಿ, ಅಲ್ಲೂ ಶಾಲೆ ಇದೆ. ಹದಿನೈದು ವರ್ಷದ ಹುಡುಗಿ, ಅರೆಕಿಪಾದ ಕಾಲೇಜಿಗೆ ಕಳಿಸಬೇಕೆಂದು ತಾಯಿ ಕನಸು ಕಟ್ಟಿಕೊಂಡಿದ್ದರೆ, ಇರೋಕೆ ಹೋಗ್ತೀನಿ. ಹೋಗೋದಾದ್ರೆ ಹೋಗು, ನನ್ನನ್ನ ಕೇಳ್ಬೇಡ. ಕೇಳ್ತಾ ಇದ್ದೀನಲ್ಲಮ್ಮಾ. ಕೇಳ್ಬೇಡ ಅಂದೆ. ಅವಳು ಅಪ್ಪನನ್ನು ನೋಡಲು ಹೋಗುವುದಲ್ಲ, ಅಪ್ಪ ಗಣಿಯಲ್ಲಿ ಇದ್ದಾನೆ, ಅಲ್ಲೇ ಇನ್ನೊಂದು ಸಂಸಾರ, ಹೆರ್ವಾಸಿಯೊ, ಆ ಹೆಸರು ನೆನೆದರೆ ಸಿಟ್ಟು ಬರುವುದೂ ನಿಂತುಹೋಗಿದೆ, ಹಳೆಯ ಹಲ್ಲುನೋವಿನ ಜಾಗ ನಾಲಿಗೆಯಿಂದ ಮುಟ್ಟಿದ ಹಾಗೆ, ಬರೀ ಖಾಲಿ. ಅವನು ಸಿಕ್ಕಿದ್ದು ವಿತಿತಿ ಕುಣಿತದ ಜಾತ್ರೆಯಲ್ಲಿ, ಗಂಡಸರು ಹೆಂಗಸರ ಲಂಗ ತೊಟ್ಟು ಕುಣಿಯುವ ದಿನ, ಹಿಂದೆ ಶತ್ರುವಿನ ಊರಿಗೆ ಹೀಗೇ ಲಂಗ ತೊಟ್ಟು ನುಗ್ಗಿ ಹುಡುಗಿಯರನ್ನು ಹೊತ್ತೊಯ್ಯುತ್ತಿದ್ದರಂತೆ, ಅವನೂ ಲಂಗ ತೊಟ್ಟೇ ಬಂದಿದ್ದ, ಮುಖಕ್ಕೆ ಜಾಲರಿ ಇಳಿಬಿಟ್ಟು, ನನ್ನ ಲಂಗಕ್ಕಿಂತ ನಿಂದು ಚೆನ್ನಾಗಿದೆಯಲ್ಲೋ ಎಂದು ಇವಳೇ ಕೆಣಕಿದ್ದು, ನಗು ಬಂದಿತ್ತು, ನಕ್ಕದ್ದೇ ತಪ್ಪಾಯಿತು. ಮದುವೆಯಾಗಿ ಹೋದ ದಿನ ಅತ್ತೆ ಸಾತುಕಾ ಹೊಸಿಲಲ್ಲಿ ನಿಂತು ಸೊಸೆಯನ್ನು ಕಾಲಿನಿಂದ ತಲೆಯವರೆಗೆ ನೋಡಿ, ಉದ್ದತಲೆಯವರು ತಾನೇ, ಒಳಗೆ ಗಾಳಿ ಜಾಸ್ತಿ ಇರುತ್ತೆ, ಬಾಗಿ ಬಾ, ಬಾಗಿಲಿಗೆ ಹೊಡ್ಕೊಂಡೀಯ, ಎಂದಿದ್ದಳು. ಇವಳೇನು ಕಡಿಮೆಯೇ, ನಿಮ್ಮ ಬಾಗಿಲು ನಿಮ್ಮ ತಲೆಯ ಅಳತೆಗೆ ಕಟ್ಟಿದ್ದಾರೆ ಅತ್ತೆ, ಅದಕ್ಕೇ ಇಷ್ಟು ಅಗಲ. ಆಗ ಮುದುಕಿ ನಕ್ಕಳೋ ಇಲ್ಲವೋ, ನೆನಪಿಲ್ಲ, ನಕ್ಕಿರಬಹುದು, ಅವಳಿಗೂ ನಗು ಗೊತ್ತಿತ್ತು.

ಕುಂಚ ಬಿಟ್ಟು ಬಿದಿರಿನ ಕಡ್ಡಿ ತೆಗೆದುಕೊಂಡಳು, ಕಿವಿಯ ಹತ್ತಿರದ ಮಣ್ಣು ಗಟ್ಟಿಯಾಗಿದೆ, ನಿಧಾನ, ಎಳೆಯ ಎಲುಬು ಒಣಗಿದ ರೊಟ್ಟಿಯ ಅಂಚಿನ ಹಾಗೆ. ಯುಲಿಸಾ ಹುಟ್ಟಿದಾಗ ಇಬ್ಬರು ಅಜ್ಜಿಯರೂ ಇದ್ದರು, ಇವಳ ಅಮ್ಮ ಯಾಂಕೆಯಿಂದ ಬೆನ್ನಿಗೆ ಚುನ್ಯೊ ಆಲೂಗಡ್ಡೆ ಕಟ್ಟಿಕೊಂಡು ಬಂದಿದ್ದಳು, ಒಣಗಿಸಿದ ಆಲೂಗಡ್ಡೆಗೆ ಜೋಳದ ನಾಡಿನಲ್ಲಿ ಏನು ಬೆಲೆ, ಅತ್ತೆ ಒಂದು ಮೂಲೆಗೆ ಸರಿಸಿದಳು. ಕೂಸನ್ನು ಪಟ್ಟಿಯಲ್ಲಿ ಸುತ್ತಬೇಕು, ಸುತ್ತದಿದ್ದರೆ ಮಗು ಸಡಿಲ ಬೆಳೆಯುತ್ತದೆ, ಕೈ ಒಂದು ಕಡೆ ಕಾಲು ಒಂದು ಕಡೆ, ಅದರಲ್ಲಿ ಇಬ್ಬರಿಗೂ ಒಂದೇ ಮಾತು, ಆಮೇಲೆ ಜಗಳ. ಅಮ್ಮ ಪಾದದಿಂದ ಮೇಲಕ್ಕೆ ಸುತ್ತಿ ಎಡಕ್ಕೆ ತಿರುಗಿಸಿ ಗಂಟು ಹಾಕಿದಳು, ಎಡಗಂಟು ಇದ್ದರೆ ಕೆಟ್ಟ ಗಾಳಿಗೆ ದಾರಿ ತಪ್ಪುತ್ತೆ ಮಗಳೇ, ನೆನಪಿಟ್ಕೋ. ಅಮ್ಮ ನೀರಿಗೆ ಹೋದದ್ದೇ ತಡ ಅತ್ತೆ ಬಿಚ್ಚಿ ಭುಜದಿಂದ ಕೆಳಕ್ಕೆ ಸುತ್ತಿ ಬಲಕ್ಕೆ ಗಂಟು ಹಾಕಿದಳು, ಅಮ್ಮ ತಿರುಗಿ ಬಂದಾಗ, ಎಡಗಂಟು ಹೆಣಕ್ಕೆ ಹಾಕೋದು ಬೀಗಿತ್ತಿ, ಕೂಸಿಗಲ್ಲ. ನೀವು ಹೆಣಕ್ಕೆ ಹಾಕ್ತೀರಿ, ನಾವು ಬದುಕೋರಿಗೆ ಹಾಕ್ತೀವಿ. ಸುತ್ತುವುದು, ಬಿಚ್ಚುವುದು, ಸುತ್ತುವುದು, ಹಸುಗೂಸು ಅಳಲೂ ಇಲ್ಲ, ಕಣ್ಣರಳಿಸಿ ಇಬ್ಬರನ್ನೂ ನೋಡುತ್ತಿತ್ತು, ಬಾಣಂತಿ ನಸಾರಿಯಾ ಮೂಲೆಯಲ್ಲಿ ಮಲಗಿದ್ದಳು, ಅವಳ ಎದೆಯಿಂದ ಹಾಲು ತಾನಾಗಿ ಸೋರುತ್ತಿತ್ತು. ಮೈಗೆ ಮಾತ್ರ, ತಲೆಗಲ್ಲ, ತಲೆಗೆ ಪಟ್ಟಿ ಕಟ್ಟಬಾರದೆಂದು ಪಾದ್ರಿಗಳು ಬೆತ್ತ ಹಿಡಿದು ನಿಲ್ಲಿಸಿ ನಾಲ್ಕು ನೂರು ವರ್ಷವಾಯಿತು — ಆದರೂ ಕಟ್ಟಿದರಲ್ಲ, ಕಟ್ಟಿದರು, ಕಣ್ಣಿಗೆ ಕಾಣದ ಪಟ್ಟಿ. ಆಮೇಲೆ ಓದು. ಕೂಸು ಹಾಲು ಬಿಟ್ಟ ಮೇಲೆ ಅರೆಕಿಪಾಕ್ಕೆ ಹೋದಳು, ವಿಶ್ವವಿದ್ಯಾಲಯ, ಬಾಡಿಗೆಯ ಕೋಣೆ, ಹಳೆಯ ಎಲುಬುಗಳ ಪಾಠ, ನೀನು ಓದು, ಮಗು ನನ್ನ ಹತ್ರ ಇರಲಿ ಎಂದವಳು ಅತ್ತೆಯೇ, ಹೌದು, ಅದನ್ನು ಇಲ್ಲ ಎನ್ನಲಾರಳು, ಸೊಸೆ ಓದಲಿ ಎಂದ ಅತ್ತೆ ಆ ಊರಲ್ಲಿ ಅವಳೊಬ್ಬಳೇ. ಮಗು ಅಲ್ಲೇ ನಡೆಯಲು ಕಲಿತಿತು, ಅಲ್ಲೇ ಮಾತು ಕಲಿತಿತು, ಜೋಳದ ದಂಟಿನ ಗೊಂಬೆಗೆ ಇವಳ ಹೆಸರಿಟ್ಟಿತ್ತಂತೆ, ನಸಾರಿಯಾ ಅಂತ, ಗೊಂಬೆಯನ್ನು ಬಾವಿಯ ಕಟ್ಟೆಯ ಮೇಲೆ ಕೂರಿಸಿ, ಅಮ್ಮ ಓದ್ತಿದ್ದಾಳೆ ಸದ್ದು ಮಾಡ್ಬೇಡಿ ಎನ್ನುತ್ತಿತ್ತಂತೆ. ಅಂತೆ, ಎಲ್ಲ ಅಂತೆ.

ಅಂತೆ. ಆ ಬಾಲ. ಕಣಿವೆಯ ಕೆಚ್ವಾ ಮಾತಿನ ಕೊನೆಗೆ ಕಂಡದ್ದಕ್ಕೆ ಒಂದು ಬಾಲ, ಕೇಳಿದ್ದಕ್ಕೆ ಇನ್ನೊಂದು ಬಾಲ, ಕಾಣದ್ದನ್ನು ಕಂಡ ಹಾಗೆ ಹೇಳಿದರೆ ಮಕ್ಕಳೂ ನಗುತ್ತಾರೆ, ಯಾರೂ ನಾನು ಹುಟ್ಟಿದೆ ಎನ್ನುವುದಿಲ್ಲ, ಹುಟ್ಟಿದೆನಂತೆ ಎನ್ನಬೇಕು, ತನ್ನ ಹುಟ್ಟನ್ನು ತಾನು ಕಂಡವರು ಯಾರು. ಕೂಸಾಗಿದ್ದಾಗಿನ ಸಂಗತಿಯೆಲ್ಲ ಅಂತೆಯ ಕಡೆಗೇ ಸೇರಿದ್ದು. ಓದು ಮುಗಿಸಿ ಮಗುವನ್ನು ಕರೆದುಕೊಂಡು ಬರಲು ಹೋದ ದಿನ, ನಾಲ್ಕು ತುಂಬುತ್ತಿತ್ತು ಅವಳಿಗೆ, ಓಣಿಯ ಕೊನೆಯಲ್ಲಿ ನಿಂತಿದ್ದಳು, ಇದೇ ಕಸೂತಿ ಟೋಪಿ, ಆಗ ಕಿವಿ ಮುಚ್ಚುವಷ್ಟು ದೊಡ್ಡದು, ನಸಾರಿಯಾ ಚೀಲ ನೆಲಕ್ಕಿಟ್ಟು ಬಗ್ಗಿ ಕೈ ಚಾಚಿದಳು, ಗುರುತು ಸಿಗುತ್ತದೋ ಇಲ್ಲವೋ, ಮಗು ಒಂದು ಗಳಿಗೆ ನೋಡಿ, ಓಡಿ ಬಂತು, ಎರಡೂ ಕೈ ಅಗಲಿಸಿ, ಧೂಳೆಬ್ಬಿಸಿ, ಓಡಿ ಬಂದು ತೋಳಿಗೆ ಬಿತ್ತು. ಆ ಒಂದು ಓಟದ ಮೇಲೆ ಬದುಕಿದ್ದಾಳೆ ಇವಳು. ಹೆರ್ವಾಸಿಯೊ ಬಿಟ್ಟು ಹೋದಾಗ, ಅಮ್ಮ ತೀರಿಕೊಂಡಾಗ, ಮೇಲಧಿಕಾರಿಗಳು ಇವಳ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಂಡಾಗ, ರಾತ್ರಿ ಕಣ್ಣು ಮುಚ್ಚಿದರೆ ಆ ಓಣಿ, ಆ ಧೂಳು, ಆ ಅಗಲಿಸಿದ ಕೈ. ಎಷ್ಟು ಸಲ ಹೇಳಿದ್ದಾಳೋ, ಪ್ಲಾಸಿದಾಗೆ, ಜೊತೆಗೆ ಅಗೆಯುವವರಿಗೆ, ಯುಲಿಸಾಗೇ ಹೇಳಿದ್ದಾಳೆ, ನೀನು ಓಡಿ ಬಂದೆ ಗೊತ್ತಾ, ಒಂದು ಚೂರೂ ಹೊಸಬಳು ಅನ್ನಲಿಲ್ಲ, ಯುಲಿಸಾಳೂ ಗೆಳತಿಯರಿಗೆ ಹೇಳುತ್ತಿದ್ದಳು, ನಾನು ಓಡಿ ಬಂದೆನಂತೆ, ಅಮ್ಮ ಬಗ್ಗಿ ಎತ್ಕೊಂಡ್ಳಂತೆ. ಬಂದೆನಂತೆ. ಇವತ್ತು ಬೆಳಿಗ್ಗೆ ಗಂಜಿಯ ಬಟ್ಟಲು ಕೆಳಗಿಟ್ಟು, ಟೋಪಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತ, ಅಮ್ಮಾ, ಸಿಟ್ಟು ಮಾಡ್ಕೋಬೇಡ, ನಾನು ಅವತ್ತು ಓಡಿದ್ದು ನಿನ್ನ ಹತ್ರ ಅಲ್ಲ. ಏನು? ನಿನ್ನ ಹಿಂದೆ ಅಜ್ಜಿ ಬರ್ತಿದ್ದಳು, ನೀರಿನ ಕೊಡ ಹೊತ್ಕೊಂಡು, ನಾನು ಅಜ್ಜಿ ಹತ್ರ ಓಡಿದೆ, ನೀನು ಮಧ್ಯ ಹಿಡ್ಕೊಂಡೆ. ಓಡಿದೆ. ಹಿಡ್ಕೊಂಡೆ. ಅಂತೆ ಇಲ್ಲ. ಬಾಲ ಬಿದ್ದುಹೋದ ಹಲ್ಲಿಯ ಹಾಗೆ ಆ ಮಾತು ಒಲೆಯ ಮುಂದೆ ಹರಿದಾಡಿತು. ಯಾರು ಹೇಳಿದ್ರು ನಿನಗೆ, ನಿನ್ನ ಅಜ್ಜಿ ಹೇಳಿದ್ಲಾ, ಎಂದು ನಸಾರಿಯಾ ಕೇಳಿದ್ದು ಯಾಕೆ, ಹೇಳಿದಳು ಎನ್ನಲಿ ಎಂದು, ಮುದುಕಿ ಹೇಳಿಕೊಟ್ಟಳು ಎನ್ನಲಿ, ಆಗ ಬೈಯಬಹುದು. ಯಾರೂ ಹೇಳಿಲ್ಲ ಅಮ್ಮಾ, ನೆನಪಿದೆ, ಕೊಡದಿಂದ ನೀರು ತುಳುಕಿ ಅಜ್ಜಿಯ ಒಂದು ಕಡೆ ತೋಳು ಒದ್ದೆ ಆಗಿತ್ತು. ತೋಳು ಒದ್ದೆ ಆಗಿತ್ತು. ನಾಲ್ಕು ತುಂಬದ ಮಗು ಅಷ್ಟನ್ನು ಕಂಡಿದೆ, ಇಷ್ಟು ವರ್ಷ ತಾಯಿಗೋಸ್ಕರ ಬಂದೆನಂತೆ ಬಂದೆನಂತೆ ಎನ್ನುತ್ತಲೇ ಬೆಳೆದಿದೆ. ಇದನ್ನ ಯಾಕೆ ಈಗ ಹೇಳ್ತೀಯ? ಹೇಳದೆ ಹೋದ್ರೆ ಓಡಿಹೋದ ಹಾಗೆ ಆಗುತ್ತೆ ಅಂತ. ಬಸ್ ಹತ್ರ ಬರ್ತೀಯಾ ಅಮ್ಮಾ? ಕೆಲಸ ಇದೆ. ಕೆಲಸ ಇದೆ ಎಂದಳು, ಎಂದು ಎದ್ದು ಬಂದಳು, ಚಹಾ ಕುಡಿಯದೆ, ದಾರಿಯಲ್ಲಿ ಬೂದಿ ಬೀಳುತ್ತಿತ್ತು, ಆ ಮಗು ಓಡಿ ಬರುತ್ತಲೇ ಇತ್ತು, ಈಗ ಮುಖ ಕಾಣುತ್ತಿತ್ತು ಅದರದು, ಇಷ್ಟು ವರ್ಷ ನೋಡದೆ ಬಿಟ್ಟದ್ದು, ಕಣ್ಣು ಇವಳ ಮೇಲಿಲ್ಲ, ಇವಳ ಭುಜದಾಚೆ, ಅಲ್ಲಿ ಎಲ್ಲೋ, ಮತ್ತೆ ತೋಳಿಗೆ ಬಿದ್ದ ಕೂಡಲೇ ಸೌದೆಯ ಹಾಗೆ ಸೆಟೆದುಕೊಂಡಿತ್ತಲ್ಲ, ನಾಚಿಕೆ ಎಂದುಕೊಂಡಿದ್ದಳಲ್ಲ. ಅವತ್ತು ಕರೆತರುವಾಗ ಬಸ್ಸಿನಲ್ಲಿ ಮಗುವಿನ ಕಸೂತಿ ಟೋಪಿ ಬಿಚ್ಚಿದಾಗ ಹಣೆಯ ಮೇಲೆ ಕೆಂಪು ಗೆರೆ, ಸುತ್ತ ಹರಿದು ಹಿಂದಕ್ಕೆ ಹೋದದ್ದು. ಚಿವಾಯ್ ಪೇಟೆಯಲ್ಲಿ ಇಳಿದು ಬಿಳಿ ಟೋಪಿ ಕೊಡಿಸಿದಳು, ರಿಬ್ಬನ್ನಿನ ಹೂವಿನದು, ಆ ಗೆರೆಯ ಮೇಲೇ ಕೂರಿಸಿದಳು, ಗದ್ದದ ಕೆಳಗೆ ದಾರ ಎಳೆದು, ನೋಡು, ಈಗ ನೀನು ನಮ್ಮವಳು.

ಯಾಕ್ರೀ ಮೂಕಿ ಹಾಗೆ ಕೂತ್ರಿ, ಎಂದಳು ಪ್ಲಾಸಿದಾ, ಕಿಂಡಿಯಲ್ಲಿ ಅವಳ ತಲೆ, ಮುಖದ ತುಂಬ ಬೂದಿ, ಬಾಯಿಯಲ್ಲಿ ಕೋಕಾ ಎಲೆಯ ಉಂಡೆ. ಯುಲಿಸಾಳ ಮೊದಲ ಕೂದಲು ಕತ್ತರಿಸಿದವಳು ಇವಳೇ, ಅಂದಿನಿಂದ ಒಬ್ಬರಿಗೊಬ್ಬರು ಕೊಮಾದ್ರೆ, ಇವಳು ಮಗುವಿಗೆ ಅರ್ಧ ತಾಯಿ, ಅರ್ಧವೇ ಸಾಕು ಪುಣ್ಯಕ್ಕೆ, ಬೈಯೋ ಅರ್ಧ ನಂದು ಎನ್ನುತ್ತಿರುತ್ತಾಳೆ. ನೋಡು ಇಲ್ಲಿ, ಎಂದಳು ನಸಾರಿಯಾ, ಎರಡು ಕಟ್ಟು, ಮೊದಲು ನಮ್ಮದು, ಆಮೇಲೆ ಅವರದು. ಪ್ಲಾಸಿದಾ ಇಣುಕಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು, ಅಯ್ಯೋ ಪಾಪದ್ದೇ, ತಾಯಿ ನಮ್ಮ ಕಡೆಯವಳು, ಕೊಟ್ಟಿದ್ದು ಚಪ್ಪಟೆತಲೆಗಳ ಮನೆಗೆ, ತಾಯಿ ಸತ್ತಳೇನೋ, ಅತ್ತೆ ಎತ್ಕೊಂಡು ಬಿಚ್ಚಿ ತನ್ನ ಥರ ಕಟ್ಟಿದಳು, ಇನ್ನೇನು, ಅತ್ತೆಯರು ಅಂದ್ರೆ ಸತ್ತ ಮೇಲೂ ಅತ್ತೆಯರೇ. ಹೌದು, ಹಾಗೇ ಇರಬೇಕು, ನಸಾರಿಯಾಗೆ ಅದೇ ಬೇಕಿತ್ತು, ಬೇರೆ ಯಾರ ಬಾಯಿಂದಲಾದರೂ ಬರಲಿ ಎಂದು ಕಾದಿದ್ದಳೇನೋ, ತಾಯಿ ಇಲ್ಲದ ಹೊತ್ತಿನಲ್ಲಿ ಇನ್ನೊಂದು ಕೈ, ತಾಯಿ ಬದುಕಿದ್ದರೆ ಬಿಡುತ್ತಿರಲಿಲ್ಲ, ಯಾವ ತಾಯಿ ತಾನು ಎತ್ತಿ ಕಟ್ಟಿದ್ದನ್ನು ಒತ್ತಿ ತಗ್ಗಿಸಲು ಬಿಡುತ್ತಾಳೆ, ಸಿಟ್ಟು ಏರಿತು, ಹಿತವಾದ ಸಿಟ್ಟು, ಚಳಿಗೆ ಕಾಯಿಸಿಕೊಳ್ಳುವಂಥದ್ದು, ನೀರಿನ ಕೊಡ ಹೊತ್ತ ಅತ್ತೆ, ಒದ್ದೆ ತೋಳಿನ ಅತ್ತೆ, ಎಡಗಂಟು ಹೆಣಕ್ಕೆ ಎಂದವಳು — ಕಡ್ಡಿ ಹೆಂಟೆಯೊಂದನ್ನು ಎಬ್ಬಿಸಿತು, ಗಂಟಿನ ಹಿಂದಿನ ಮಣ್ಣು ಪೂರ್ತಿ ಕಳಚಿ ಬಿತ್ತು. ಗಂಟು ಕೆಳಗಿನ ಪಟ್ಟಿಯದಲ್ಲ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ದೀಪ ಹತ್ತಿರ ಹಿಡಿದಳು, ಕೆಳಗಿನ ಪಟ್ಟಿ ಸವೆದು ಎಲುಬಿಗೆ ಅಂಟಿದೆ, ಅದರ ಮೇಲೆ ಹಾದುಹೋದ ಅಗಲ ಪಟ್ಟಿ, ಹಲಗೆಯನ್ನು ಹಿಡಿದಿಟ್ಟ ಪಟ್ಟಿ, ಕಬಾನಾ ಪಟ್ಟಿ, ಗಂಟು ಅದರದು. ಅವರ ಕಟ್ಟು, ನಮ್ಮ ಗಂಟು. ಇಲ್ಲ, ಮಣ್ಣು ಸರಿದು ಜಾಗ ಬದಲಾಗಿರಬಹುದು, ಇಲಿ ಎಳೆದಿರಬಹುದು, ಗೋರಿಯಲ್ಲಿ ಏನೇನೋ ಆಗುತ್ತದೆ. ಏನೂ ಆಗಿಲ್ಲ, ಎಳೆ ಎಳೆಯೂ ಕೂತ ಜಾಗದಲ್ಲೇ ಕೂತಿದೆ, ಎಡಕ್ಕೆ ತಿರುಗಿದ ಗಂಟು. ಯಾವ ಕಬಾನಾ ಮುದುಕಿ ಬದುಕಿರುವ ಕೂಸಿಗೆ ಎಡಗಂಟು ಹಾಕುತ್ತಾಳೆ? ಯಾರೂ ಹಾಕುವುದಿಲ್ಲ. ಹಾಗಾದರೆ ಯಾರು, ಯಾರ ಕೈ, ಮನಸ್ಸು ಅಲ್ಲಿಗೆ ಹೋಗಲು ಒಪ್ಪದೆ ಬಾಗಿಲಲ್ಲಿ ಕಾಲೂರಿ ನಿಂತ ಹೇಸರಗತ್ತೆಯಾಯಿತು. ಕೊಮಾದ್ರೆ, ಎಂದಳು ಪ್ಲಾಸಿದಾ, ಈಗ ಅವಳ ದನಿಯಲ್ಲಿ ನಗೆ ಇರಲಿಲ್ಲ, ಆ ಕೂಸು ಇಷ್ಟು ಕಾಲ ಕಾದಿದೆ, ಇನ್ನೊಂದು ಗಳಿಗೆ ಕಾದ್ರೆ ಸಾಯಲ್ಲ, ಸತ್ತಾಗಿದೆ. ಕೆಳಗೆ ರಸ್ತೆಯಲ್ಲಿ ಇನ್ನೊಂದು ಕೂಸು ನಿಂತಿದೆ ನೋಡಿ. ನಿಂತ್ರೆ ನಿಲ್ಲಲಿ. ಹೌದೌದು, ನಿಲ್ಲಲಿ, ಉದ್ದತಲೆ ಅಂದ್ರೆ ಉದ್ದತಲೆ, ಹೆಮ್ಮೆ ಇಡೋಕೆ ಜಾಗ ಜಾಸ್ತಿ! ಎದ್ದೇಳ್ರೀ, ಬುರುಡೆ ನಾನು ನೋಡ್ಕೋತೀನಿ, ಮುಟ್ಟಲ್ಲ, ಬಟ್ಟೆ ಮುಚ್ಚಿ ಕೂರ್ತೀನಿ.

ಕುಸಿದ ಗುಡ್ಡದ ಮಗ್ಗುಲಲ್ಲಿ ಸಣ್ಣ ಬಣ್ಣದ ಚುಕ್ಕೆ, ಗುಲಾಬಿ, ಹಸಿರು. ಬಾಗುವಿನಲ್ಲಿ ಬಸ್ಸು ನಿಲ್ಲುವುದಿಲ್ಲ, ನೆಲ ಸಡಿಲ, ಡ್ರೈವರು ಮೇಲೇ ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ, ಹತ್ತುವವರು ಓಡಿ ಬರಬೇಕು. ನಸಾರಿಯಾ ಇಳಿಯುತ್ತಿದ್ದಳು, ಯಾವಾಗ ಎದ್ದಳೋ, ಹಳೆಯ ಹೊಲದ ಮೆಟ್ಟಿಲುಗೋಡೆಗಳ ಮೇಲಿಂದ ಜಾರಿ, ಕಳ್ಳಿಗೆ ಲಂಗ ಸಿಕ್ಕಿ ಹರಿದು, ಕೈಯಲ್ಲಿ ಬಿದಿರಿನ ಕಡ್ಡಿ ಹಾಗೇ ಇದೆ, ಏನು ಹೇಳುವುದು, ಬೇಡ ಹೋಗಬೇಡ ಎನ್ನಬೇಕು, ಒಂದು ಸಲ ಗಟ್ಟಿಯಾಗಿ ಅಂದರೆ ಇರುತ್ತಾಳೆ, ಅವಳು ಹಾಗೇ, ಕಟ್ಟಿದ ಕಡೆ ಇರುವ ಮಗು, ಬಂದೆನಂತೆ ಬಂದೆನಂತೆ ಎನ್ನುತ್ತ ಇದ್ದುಬಿಡುತ್ತಾಳೆ, ಅದೇ ಭಯ, ಇದ್ದುಬಿಡುತ್ತಾಳೆ ಎಂಬುದೇ. ಹೋದರೆ ಮುದುಕಿಯ ಜೋಳ ಬಿಡಿಸುತ್ತಾಳೆ, ಅಲ್ಲೇ ಯಾರನ್ನೋ ಕಟ್ಟಿಕೊಳ್ಳುತ್ತಾಳೆ, ಇವಳ ಮೊಮ್ಮಕ್ಕಳು ಬಲಗಂಟಿನ ಮಕ್ಕಳು, ಓಣಿಯ ಕೊನೆಯಲ್ಲಿ ನಿಂತು ಇವಳನ್ನು ಯಾರೋ ಎಂದು ನೋಡುತ್ತವೆ. ರಸ್ತೆಗೆ ಬಂದು ಬಿದ್ದಳು. ಉಸಿರು ಇಲ್ಲ. ದೂರದಲ್ಲಿ ಯುಲಿಸಾ ನಿಂತಿದ್ದಳು, ಒಂದು ಕೈಯಲ್ಲಿ ಬಟ್ಟೆಯ ಮೂಟೆ, ಇನ್ನೊಂದರಲ್ಲಿ ಕೋಳಿ ಬುಟ್ಟಿ, ಮನೆಯ ಕೋಳಿಯನ್ನೂ ಕೊಂಡೊಯ್ಯುತ್ತಿದ್ದಾಳೆ, ಅಜ್ಜಿಗೆ, ತಾಯಿಯನ್ನು ಕಂಡು ಒಂದು ಗಳಿಗೆ ನೋಡಿ, ಓಡಲು ಶುರುಮಾಡಿದಳು. ಎರಡೂ ಕೈ ಅಗಲಿಸಿ, ಮೂಟೆ ಒಂದು ಕಡೆ ಬುಟ್ಟಿ ಒಂದು ಕಡೆ, ಧೂಳೆಬ್ಬಿಸಿ. ನಸಾರಿಯಾಳ ಕೈ ತಾವಾಗಿ ಮೇಲೆದ್ದವು. ಕಣ್ಣು ನೋಡಿದಳು. ಈ ಸಲ ಕಣ್ಣು ನೋಡಿದಳು ಮೊದಲು, ಅವು ಇವಳ ಭುಜದಾಚೆ ಇದ್ದವು, ಬೆನ್ನ ಹಿಂದೆ ಹಾರ್ನ್ ಕೂಗಿತು, ಬಸ್ಸು ಗುಡುಗುಡು ಎನ್ನುತ್ತ ನಿಂತ ಬಿಸಿ ಬೆನ್ನಿಗೆ ತಾಗಿತು, ಅವಳು ಎತ್ತಿದ ಕೈ ಇಳಿಸಿ, ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತಳು. ಹೋಗಲಿ. ಹೋಗಲಿ, ಈ ಸಲ ಮಧ್ಯ ಹಿಡಿಯುವುದಿಲ್ಲ. ಆದರೆ ಓಡುವ ಹೆಜ್ಜೆ ಇವಳ ಸಮಕ್ಕೆ ಬಂದು ನಿಂತಿತು, ಏದುಸಿರು, ಕೋಳಿಯ ಗಲಾಟೆ, ಬಾರೇ ತಾಯಿ, ಜೋಳ ಬೆಂದು ಪಾಯಸ ಆಗುತ್ತೆ ಅಷ್ಟು ಹೊತ್ತಿಗೆ, ಎಂದು ಡ್ರೈವರು ಕಿಟಕಿಯಿಂದ ಕೂಗುತ್ತಿದ್ದ, ಒಂದು ನಿಮಿಷ ಅಂಕಲ್, ಎಂದಳು ಯುಲಿಸಾ, ಇತ್ತ ತಿರುಗಿ, ಅಮ್ಮಾ, ಓಡೋವಾ​ಗ ಟೋಪಿ ದಾರ ಬಿಚ್ಚಿಹೋಯ್ತು, ಕಟ್ತೀಯಾ, ನನ್ನ ಕೈ ಖಾಲಿ ಇಲ್ಲ. ಗದ್ದ ಎತ್ತಿ ಹಿಡಿದಳು. ಕಣ್ಣು ಈಗ ತಾಯಿಯ ಮೇಲೇ ಇತ್ತು. ಟೋಪಿ ಹಿಂದಕ್ಕೆ ಜಾರಿ ಹಣೆಯ ಮೇಲೆ ಕೆಂಪು ಗೆರೆ, ಬೆವರು, ಬೂದಿ. ಗಟ್ಟಿಯಾಗಿ ಕಟ್ಟಮ್ಮಾ, ಅಲ್ಲಿ ಗಾಳಿ ಜಾಸ್ತಿ. ನಸಾರಿಯಾ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಸೂತಿ ಟೋಪಿಯನ್ನು ಎರಡೂ ಕೈಯಿಂದ ಮುಂದಕ್ಕೆ ಎಳೆದಳು, ಗೆರೆಯ ಮೇಲೆ ಕೂರಿಸಿದಳು, ದಾರದ ಎರಡು ತುದಿ ಹಿಡಿದಳು, ಬಲಕ್ಕೆ ಹಾಕಬೇಕು, ಅಲ್ಲಿಯವಳಾಗಿ ಹೋಗಲಿ, ಮುದುಕಿ ತಡವಿ ನೋಡಿದರೆ ಬಲಗಂಟು ಸಿಗಲಿ, ಆದರೆ ಬೆರಳಿಗೆ ಬಲ ಗೊತ್ತಿಲ್ಲ, ಬೆರಳಿಗೆ ಅಮ್ಮ ಹೇಳಿದ್ದಷ್ಟೇ ಗೊತ್ತು, ಸುತ್ತಿದವು, ಎಳೆದವು, ಅವರ ಟೋಪಿ, ನಮ್ಮ — ಮೇಲೆ ಗುಡ್ಡದಲ್ಲಿ ಬಟ್ಟೆ ಮುಚ್ಚಿಕೊಂಡ ಸಣ್ಣ ತಲೆ, ಮೇಲಿನ ಪಟ್ಟಿ, ಆ ಕೈ, ಆ ತಾಯಿಯದೇ ಕೈ, ತಾನು ಎತ್ತಿ ಕಟ್ಟಿದ್ದನ್ನು ತಾನೇ ಸಡಿಲಿಸಿ, ತಾನೇ ಅವರ ಹಲಗೆ ಇಟ್ಟು, ಮಗು ಅವರಲ್ಲಿ ಒಂದಾಗಿ ಬದುಕಲಿ ಎಂದು, ಬಿಗಿಯಾಯ್ತಾ, ಎಂದು ಹುಬ್ಬಿನಲ್ಲೇ ಕೇಳಿದಳು, ಇಲ್ಲ ಅಮ್ಮಾ ಸರಿ ಇದೆ, ಹಾರ್ನ್, ಹೋಗಿ ಬಾ ಎನ್ನಲು ಬಾಯಲ್ಲಿ ಕಡ್ಡಿ, ಗದ್ದದ ಕೆಳಗೆ, ಮಗಳು ಉಸಿರಾಡಿದಾಗಲೆಲ್ಲ ಏರಿ ಇಳಿಯುತ್ತ, ಗಂಟು, ಎಡಕ್ಕೆ, ಎಡಕ್ಕೆ ತಿರುಗಿದ ಗಂಟು —